ಸಾಲಂ ಮಿಶ್ರಿ ಮತ್ತು ಕೂವೆ

ಸಾಲಂ ಮಿಶ್ರಿ ಎಂದರೆ ನೆಲದಲ್ಲಿ ಬೆಳೆಯುವ ಕೆಲವು ಜಾತಿಯ ಆರ್ಕಿಡ್‌ಗಳ ಒಣಗೆಡ್ಡೆ. ಅದನ್ನು ಪುಡಿಮಾಡಿ ಹಾಲಿನಲ್ಲೋ ನೀರಿನಲ್ಲೋ ಕಾಯಿಸಿದರೆ ಮಂದವಾದ ಪೇಯವಾಗುತ್ತದೆ. ಟರ್ಕಿಯಲ್ಲಿ ಅದಕ್ಕೆ ಸಾಲೆಪ್, ಅರಬ್ ನಾಡುಗಳಲ್ಲಿ ಸಹ್ಲಬ್, ಗ್ರೀಸಿನಲ್ಲಿ ಸಲೇಪಿ ಎಂದು ಹೆಸರು. ಅಲ್ಲೆಲ್ಲ ಅದು ಚಳಿಗಾಲದ ಬೀದಿಪಾನೀಯ. ಭಾರತದಲ್ಲಿ ಹಾಗಾಗಲಿಲ್ಲ, ಯುನಾನಿ ಹಕೀಮರ, ಆಯುರ್ವೇದ ಪಂಡಿತರ ಮದ್ದಾಗಿ ಗ್ರಂಥಿಗೆ ಅಂಗಡಿಯ ಡಬ್ಬಿಯಲ್ಲೇ ಉಳಿಯಿತು. ಕರ್ನಾಟಕದ ಕರಾವಳಿಯಲ್ಲಿ, ಕುಂಭಾಶಿ, ಕೋಟೇಶ್ವರ, ಕುಂದಾಪುರ, ಬೈಂದೂರು, ಬ್ರಹ್ಮಾವರದ ಸೀಮೆಯಲ್ಲಿ, ಸಾಲಂ ಮಿಶ್ರಿ ಬೇರೆಡೆ ಮಾಡುವ ಕೆಲಸವನ್ನು ಕೂವೆ ಹಿಟ್ಟು ಮಾಡಿಕೊಂಡು ಬಂದಿದೆ. ಎರಡೂ ಮಣ್ಣಿನೊಳಗಿನ ಗೆಡ್ಡೆಯಿಂದ ಬಂದವು. ಎರಡನ್ನೂ ಮಗುವಿಗೆ, ಮುದುಕರಿಗೆ, ಜ್ವರ ಬಿಟ್ಟು ಎದ್ದವರಿಗೆ ಕೊಡುತ್ತಾರೆ. ಆದರೆ ಒಂದಕ್ಕಾಗಿ ಕಾಡುಗಿಡವನ್ನು ಬುಡಸಮೇತ ಕೀಳಬೇಕು, ಇನ್ನೊಂದನ್ನು ಹಿತ್ತಲಲ್ಲಿ ನೆಟ್ಟು ಬೆಳೆಸಬಹುದು. ಎರಡರ ಚರಿತ್ರೆ ಬೇರೆ ಬೇರೆ ದಾರಿ ಹಿಡಿದದ್ದಕ್ಕೆ ಮುಖ್ಯ ಕಾರಣ ಇದೇ.

ಗಿಡ ಮತ್ತು ಗೆಡ್ಡೆ

ಆರ್ಕಿಡ್ ಎಂದೊಡನೆ ನಮ್ಮ ಕಡೆಯವರಿಗೆ ನೆನಪಾಗುವುದು ಸೀತಾಳೆ ದಂಡೆ. ಮಳೆಗಾಲ ಹಿಡಿಯುವ ಹೊತ್ತಿಗೆ ಹಲಸು ಮಾವುಗಳ ಕೊಂಬೆಯಿಂದ ಇಳಿಬಿದ್ದು ಅರಳುವ, ಬಿಳಿಯ ಮೇಲೆ ನೇರಳೆ ಚುಕ್ಕೆಯ ಹೂಗೊಂಚಲು ಅದು. ಸಸ್ಯಶಾಸ್ತ್ರದಲ್ಲಿ ಅದು ರಿಂಕೋಸ್ಟೈಲಿಸ್ ರೆಟೂಸಾ. ಡಚ್ ಅಧಿಕಾರಿ ವಾನ್ ರೀಡ್ ಕೊಚ್ಚಿಯಲ್ಲಿ ಕುಳಿತು ಮಾಡಿಸಿದ ‘ಹೋರ್ಟಸ್ ಮಲಬಾರಿಕಸ್’ ಗ್ರಂಥದ 12ನೇ ಸಂಪುಟದಲ್ಲಿ (1693) ಇದರ ಚಿತ್ರವಿದೆ. ಮರದ ಮೇಲೆ ಬದುಕುವ ಈ ಬಗೆಯ ಆರ್ಕಿಡ್‌ಗಳಿಗೆ ನೆಲದೊಳಗಿನ ಗೆಡ್ಡೆ ಇಲ್ಲ, ಹಾಗಾಗಿ ಸಾಲಂ ಮಿಶ್ರಿಗೂ ಇವಕ್ಕೂ ಸಂಬಂಧವಿಲ್ಲ.

ಜಗತ್ತಿನಲ್ಲಿ ಸುಮಾರು 28,000 ಜಾತಿಯ ಆರ್ಕಿಡ್‌ಗಳಿವೆ. ಸಾಲಂ ಮಿಶ್ರಿಗೆ ಬಹುಮಟ್ಟಿಗೆ ಒದಗುವವು ಮೆಡಿಟರೇನಿಯನ್ ತೀರದಿಂದ ಇರಾನ್‌ವರೆಗಿನ ಹುಲ್ಲುಗಾವಲು, ಕುರುಚಲು ಗುಡ್ಡಗಳಲ್ಲಿ ನೆಲದಿಂದ ಏಳುವ ಗಿಡಗಳು: ಆರ್ಕಿಸ್, ಅನಕಾಂಪ್ಟಿಸ್, ಓಫ್ರಿಸ್, ಸೆರಾಪಿಯಾಸ್, ಹಿಮಾಂಟೋಗ್ಲಾಸಮ್, ಡ್ಯಾಕ್ಟಿಲೋರೈಜಾ ಮುಂತಾದ ಕುಲದವು. ಗಿಡ ಹೂಬಿಟ್ಟಿರುವಾಗ ಅಗೆದು ನೋಡಿದರೆ ಬುಡದಲ್ಲಿ ಎರಡು ಗೆಡ್ಡೆ ಕಾಣುತ್ತವೆ. ಒಂದು ಹಿಂದಿನ ವರ್ಷದ್ದು. ಅದರಲ್ಲಿದ್ದ ಆಹಾರವೆಲ್ಲ ಕಾಂಡಕ್ಕೂ ಹೂವಿಗೂ ಸಂದು, ಅದು ಮುದುರಿ ಕಪ್ಪಾಗಿರುತ್ತದೆ. ಇನ್ನೊಂದು ಬೆಳ್ಳಗೆ, ತುಂಬಿಕೊಂಡು, ಮುಂದಿನ ವರ್ಷದ ಗಿಡವನ್ನು ಒಳಗಿಟ್ಟುಕೊಂಡಿರುತ್ತದೆ. ಗೆಡ್ಡೆ ಕೀಳುವವರಿಗೆ ಬೇಕಾದ್ದು ಈ ಎರಡನೆಯದು. ಕೆಲವರು ಹಳೆಯ ಗೆಡ್ಡೆಯನ್ನು ಮತ್ತೆ ಮಣ್ಣಿಗೆ ಸೇರಿಸಿ ಬರುತ್ತಾರೆ, ಆದರೆ ಖಾಲಿಯಾದ ಗೆಡ್ಡೆಯಿಂದ ಗಿಡ ಮತ್ತೆ ಏಳುವುದು ಅಪರೂಪ. ಡ್ಯಾಕ್ಟಿಲೋರೈಜಾದ ಗೆಡ್ಡೆ ಮಾತ್ರ ದುಂಡಗಿರದೆ ಬೆರಳು ಬಿಡಿಸಿದ ಅಂಗೈಯಂತಿರುತ್ತದೆ. ಭಾರತದ ಮಾರುಕಟ್ಟೆಯಲ್ಲಿ ಸಾಲಂ ಪಂಜಾ ಎನ್ನುವುದು ಇದನ್ನೇ.

ಕಿತ್ತ ಜಾಗದಲ್ಲಿ ಬೀಜದಿಂದ ಹೊಸ ಗಿಡ ಹುಟ್ಟಬಾರದೇ ಎಂದರೆ, ಅದು ಬಹಳ ನಿಧಾನದ ಕೆಲಸ. ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣದು, ಮೊಳಕೆಗೆ ಬೇಕಾದ ಆಹಾರ ಅದರೊಳಗೆ ಇರುವುದಿಲ್ಲ. ಮಣ್ಣಿನಲ್ಲಿರುವ ಸರಿಯಾದ ಶಿಲೀಂಧ್ರ ಬಂದು ಬೀಜದೊಳಗೆ ನೆಲಸಿ ಉಣಿಸಿದರೆ ಮಾತ್ರ ಅದು ಮೊಳೆಯುತ್ತದೆ. ಫ್ರಾನ್ಸಿನ ನೋಯೆಲ್ ಬರ್ನಾರ್ 1899ರಲ್ಲಿ ಈ ನಂಟನ್ನು ಕಂಡುಹಿಡಿದರು. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ಶಿಲೀಂಧ್ರದ ನೆರವಿಲ್ಲದೆ, ಸಕ್ಕರೆ ಬೆರೆಸಿದ ಅಗರ್ ಮೇಲೆ ಬೀಜ ಮೊಳೆಯಿಸುವ ವಿಧಾನ ತೋರಿಸಿದರು. ಪೇಟೆಯ ಹೂವಿನ ಆರ್ಕಿಡ್ ಉದ್ಯಮವೆಲ್ಲ ನಿಂತಿರುವುದು ಆ ವಿಧಾನದ ಮೇಲೆ. ಆದರೆ ಸೀಸೆಯಲ್ಲಿ ಮೊಳೆತ ನೆಲದ ಆರ್ಕಿಡ್ಡನ್ನು ಹೊಲಕ್ಕಿಳಿಸಿ, ವರ್ಷಗಟ್ಟಲೆ ಕಾದು, ಕೊನೆಗೆ ಒಂದೇ ಒಂದು ಪುಟ್ಟ ಗೆಡ್ಡೆ ಪಡೆಯುವುದು ರೈತನ ಲೆಕ್ಕಕ್ಕೆ ಸುಲಭವಾಗಿ ಒಗ್ಗುವುದಿಲ್ಲ.

ಗೆಡ್ಡೆಯಲ್ಲಿ ಪಿಷ್ಟವೂ ಇದೆ, ಗ್ಲೂಕೊಮನ್ನಾನ್ ಎಂಬ ಅಂಟುಗುಣದ ಶರ್ಕರವೂ ಇದೆ. ಪೇಯಕ್ಕೆ ಹೆಸರು ತಂದದ್ದು ಎರಡನೆಯದು. ಅದು ತಣ್ಣೀರಿನಲ್ಲೂ ಹಿಗ್ಗುತ್ತದೆ. ಒಂದು ಲೋಟ ಹಾಲಿಗೆ ಒಂದು ಚಮಚೆಗಿಂತ ಕಡಿಮೆ ಪುಡಿ ಬಿದ್ದರೂ ಹಾಲು ಮಂದವಾಗಿ, ನಯವಾಗಿ, ಕೊಂಚ ಎಳೆಯೆಳೆಯಾಗಿ ನಾಲಗೆಗೆ ಸಿಗುತ್ತದೆ. ಹಸಿ ಗೆಡ್ಡೆಯನ್ನು ಹಾಗೇ ಒಣಗಿಸುವುದಿಲ್ಲ. ತೊಳೆದು, ನೀರಿನಲ್ಲೋ ಹಾಲಿನಲ್ಲೋ ಒಂದಷ್ಟು ಹೊತ್ತು ಕುದಿಸಿ, ದಾರಕ್ಕೆ ಪೋಣಿಸಿ ಒಣಹಾಕುತ್ತಾರೆ. ಕುದಿಸುವುದರಿಂದ ಗೆಡ್ಡೆ ಮೊಳೆಯದೆ ನಿಲ್ಲುತ್ತದೆ, ಕಹಿ ಇಳಿಯುತ್ತದೆ. ಒಣಗಿದ ಮೇಲೆ ಅದು ಕೊಂಬಿನಂತೆ ಗಟ್ಟಿ, ಅರೆಪಾರದರ್ಶಕ. ಒಂದು ಕಿಲೋ ಒಣಗೆಡ್ಡೆಗೆ 1,000ದಿಂದ 4,000 ಗಿಡಗಳಷ್ಟು ಬೇಕು. ಒಂದು ಲೋಟ ಪೇಯಕ್ಕೆ ಎರಡು ಮೂರು ಗ್ರಾಂ ಪುಡಿ ಎಂದಿಟ್ಟುಕೊಂಡರೂ, ಕುಡಿದವರ ಲೆಕ್ಕಕ್ಕೆ ಕೆಲವೊಮ್ಮೆ ಎರಡು ಗಿಡ, ಕೆಲವೊಮ್ಮೆ ಹತ್ತು ಗಿಡ.

ಇಸ್ತಾಂಬುಲ್‌ನಿಂದ ಲಂಡನ್‌ವರೆಗೆ

ಆರ್ಕಿಡ್ ಗೆಡ್ಡೆಯ ಔಷಧಗುಣದ ಮಾತು ಕ್ರಿ.ಪೂ. 4ನೇ ಶತಮಾನದ ಗ್ರೀಕ್ ಸಸ್ಯಜ್ಞಾನಿ ಥಿಯೋಫ್ರಾಸ್ಟಸ್‌ನಲ್ಲೇ ಬರುತ್ತದೆ. ಕ್ರಿ.ಶ. 1ನೇ ಶತಮಾನದ ವೈದ್ಯ ಡಯಾಸ್ಕೊರಿಡಿಸ್, ದೊಡ್ಡ ಗೆಡ್ಡೆಯನ್ನು ಗಂಡಸರು ತಿಂದರೆ ಗಂಡುಮಗು, ಚಿಕ್ಕದನ್ನು ಹೆಂಗಸರು ತಿಂದರೆ ಹೆಣ್ಣುಮಗು ಎಂಬ ಜನರ ನಂಬಿಕೆಯನ್ನು ದಾಖಲಿಸಿದ್ದಾನೆ. ಜೋಡಿ ಗೆಡ್ಡೆಯ ಆಕಾರ ಕಂಡು ಅದನ್ನು ವೀರ್ಯವರ್ಧಕವೆಂದು ಬಗೆದದ್ದು ಗ್ರೀಸಿನಿಂದ ಅರಬ್ಬರಿಗೆ, ಅಲ್ಲಿಂದ ಇಬ್ನ್ ಸೀನಾನ ವೈದ್ಯಗ್ರಂಥಕ್ಕೆ, ಯುನಾನಿಯ ಮೂಲಕ ಭಾರತಕ್ಕೆ ಹರಿದುಬಂತು. ಔಷಧಿ ಅಂಗಡಿಗಳಲ್ಲಿ ಇಂದೂ ಸಾಲಂ ಮಿಶ್ರಿ ಮಾರಾಟವಾಗುವುದು ಬಹುಮಟ್ಟಿಗೆ ಆ ಹೆಸರಿನಿಂದಲೇ. ಗೆಡ್ಡೆ ನಿಜವಾಗಿ ಮಾಡುವುದು ಹೊಟ್ಟೆಯ, ಗಂಟಲಿನ ಉರಿಯನ್ನು ತನ್ನ ಲೋಳೆಯಿಂದ ಶಮನಗೊಳಿಸುವ ಕೆಲಸ. ಬಲ ಬಂತೆಂದು ಕುಡಿದವರಿಗೆ ಅನಿಸಿದ್ದರೆ ಅದರಲ್ಲಿ ಹಾಲು ಸಕ್ಕರೆಗಳ ಪಾಲೇ ಹೆಚ್ಚು. ಆಕಾರವೊಂದನ್ನು ನಂಬಿ ಎರಡು ಸಾವಿರ ವರ್ಷ ಗಿಡ ಕಿತ್ತದ್ದು ದುಃಖದ ಸಂಗತಿ.

ಒಟ್ಟೊಮನ್ ಕಾಲದ ಪಟ್ಟಣಗಳಲ್ಲಿ ಸಾಲೆಪ್ ಔಷಧದ ಗಡಿ ದಾಟಿ ಪಾನೀಯವಾಯಿತು. ಇಸ್ತಾಂಬುಲ್‌ನ ಬೀದಿಗಳಲ್ಲಿ ಕೆಂಡದ ಮೇಲಿಟ್ಟ ತಾಮ್ರದ ಹಂಡೆ ಹೊತ್ತು ತಿರುಗುವ ಮಾರಾಟಗಾರರು ಚಳಿಗಾಲದ ಬೆಳಗ್ಗೆ ಅದನ್ನು ಮಾರುತ್ತಿದ್ದರು. ಮೇಲೆ ದಾಲ್ಚಿನ್ನಿ ಪುಡಿ ಉದುರಿಸಿ ಕೊಡುವ ರೂಢಿ ಇಂದಿಗೂ ಇದೆ. ಗ್ರೀಸಿನ ಥೆಸಲೋನಿಕಿ, ಅಥೆನ್ಸ್ ಬೀದಿಗಳಲ್ಲೂ ಸಲೇಪಿ ಗಾಡಿ ಕಾಣಸಿಗುತ್ತದೆ. ಈಜಿಪ್ಟ್ ಮತ್ತು ಸಿರಿಯಾ ಕಡೆ ಸಹ್ಲಬ್ ಮೇಲೆ ತೆಂಗಿನತುರಿ, ಒಣದ್ರಾಕ್ಷಿ, ಪಿಸ್ತಾ ಹಾಕುತ್ತಾರೆ. ಅಲ್ಲೀಗ ಗೆಡ್ಡೆಪುಡಿಯ ಜಾಗವನ್ನು ಬಹುತೇಕ ಜೋಳದ ಪಿಷ್ಟ ಹಿಡಿದಿದೆ. ದುಬೈ, ಶಾರ್ಜಾಗಳಲ್ಲಿ ದುಡಿಯುವ ಭಟ್ಕಳ, ಬೈಂದೂರು, ಕುಂದಾಪುರದವರು ಲೆಬನಾನಿ, ಸಿರಿಯನ್ ಹೋಟೆಲುಗಳಲ್ಲಿ ಕುಡಿಯುವ ಸಹ್ಲಬ್ ಸಾಮಾನ್ಯವಾಗಿ ಈ ಬಗೆಯದು.

ಟರ್ಕಿಯ ಆಗ್ನೇಯದ ಕಹ್ರಮನ್‌ಮರಾಶ್ ಪಟ್ಟಣ ಸಾಲೆಪ್‌ಗೆ ಇನ್ನೊಂದು ದಾರಿ ತೆರೆಯಿತು. ಆಡಿನ ಹಾಲು, ಸಕ್ಕರೆ, ಸಾಲೆಪ್ ಸೇರಿಸಿ ಕಬ್ಬಿಣದ ಸರಳಿನಿಂದ ಬಡಿದು ಬಡಿದು ಮಾಡುವ ಅಲ್ಲಿನ ಐಸ್‌ಕ್ರೀಮು ರಬ್ಬರಿನಂತೆ ಎಳೆದರೆ ಎಳೆಯುತ್ತದೆ, ಬೇಗ ಕರಗುವುದಿಲ್ಲ. ಚಾಕುವಿನಿಂದ ಕತ್ತರಿಸಿ ತಿನ್ನುವುದು ಅಲ್ಲಿಯ ಕ್ರಮ. ಈ ಗುಣ ಕೊಡುವುದು ಗ್ಲೂಕೊಮನ್ನಾನ್. ಪಾನೀಯಕ್ಕಷ್ಟೇ ಇದ್ದ ಬೇಡಿಕೆ ಐಸ್‌ಕ್ರೀಮು ಕಾರ್ಖಾನೆಗಳಿಗೂ ಹರಡಿದ ಮೇಲೆ ಗೆಡ್ಡೆಯ ಕಟಾವು ಏರಿತು.

ಇಂಗ್ಲೆಂಡಿನಲ್ಲೂ ಒಂದು ಕಾಲಕ್ಕೆ ಈ ಪೇಯದ ಹುಚ್ಚಿತ್ತು. 17, 18ನೇ ಶತಮಾನದ ಲಂಡನ್ನಿನಲ್ಲಿ ಅದಕ್ಕೆ ಸಲೂಪ್ ಎಂದು ಹೆಸರು. ಕಾಫಿ ಚಹಾ ದುಬಾರಿಯಾಗಿದ್ದಾಗ ಬೆಳಗಿನ ಜಾವ ಕೆಲಸಕ್ಕೆ ಹೋಗುವ ಕೂಲಿಯವರು ಬೀದಿ ಅಂಗಡಿಯಲ್ಲಿ ಒಂದು ಬಟ್ಟಲು ಸಲೂಪ್ ಕುಡಿದು ಹೋಗುತ್ತಿದ್ದರು. ಟರ್ಕಿಯಿಂದ ತರಿಸುವ ಬದಲು ಇಂಗ್ಲೆಂಡಿನದೇ ಕಾಡು ಆರ್ಕಿಡ್‌ನಿಂದ ಸಾಲೆಪ್ ಮಾಡುವ ವಿಧಾನವನ್ನು ರಾಚ್‌ಡೇಲ್‌ನ ಜಾನ್ ಮೌಲ್ಟ್ ಎಂಬಾತ ರಾಯಲ್ ಸೊಸೈಟಿಗೆ ಬರೆದು ತಿಳಿಸಿದ. ಹಡಗಿನವರಿಗೂ ಇದು ಬೇಕಾಯಿತು. ನೌಕಾಪಡೆಯ ವೈದ್ಯ ಜೇಮ್ಸ್ ಲಿಂಡ್ ಒಂದು ಔನ್ಸ್ ಸಾಲೆಪ್ ಪುಡಿಯನ್ನೂ ಒಂದು ಔನ್ಸ್ ಒಣ ಮಾಂಸಸಾರವನ್ನೂ ಕುದಿನೀರಿನಲ್ಲಿ ಕಲಸಿದರೆ ಒಬ್ಬ ನಾವಿಕನ ಒಂದು ದಿನದ ಊಟವಾಗುತ್ತದೆಂದು ಲೆಕ್ಕ ಹಾಕಿದ್ದ. ಜೇಮ್ಸ್ ಕುಕ್‌ನ ಸಮುದ್ರಯಾನಗಳ ದಾಸ್ತಾನಿನಲ್ಲೂ ಸಲೂಪ್ ಇತ್ತು. ಕಡಿಮೆ ತೂಕ, ಕೆಡದ ಗುಣ, ಬಿಸಿನೀರಿದ್ದರೆ ಸಾಕು ಎಂಬ ಅನುಕೂಲ ಇದಕ್ಕೆ ಕಾರಣ.

ಚಹಾ ಕಾಫಿ ಅಗ್ಗವಾದ ಮೇಲೆ ಸಲೂಪ್ ಹಿಂದೆ ಸರಿಯಿತು. ಅದಕ್ಕೆ ಮುಂಚೆಯೇ ಬಟ್ಟಲಿನೊಳಗಿನ ವಸ್ತು ಬದಲಾಗಿತ್ತು. ಚಾರ್ಲ್ಸ್ ಲ್ಯಾಂಬ್ 1822ರಲ್ಲಿ ಹೊಗೆಗೂಡು ಗುಡಿಸುವ ಹುಡುಗರ ಬಗ್ಗೆ ಬರೆದ ಪ್ರಬಂಧದಲ್ಲಿ ಬರುವ ಸಲೂಪ್ ಆರ್ಕಿಡ್ ಗೆಡ್ಡೆಯದಲ್ಲ, ಅಮೆರಿಕದ ಸಾಸಫ್ರಾಸ್ ಮರದ ಕಟ್ಟಿಗೆಯನ್ನು ಕುದಿಸಿ ಹಾಲು ಸಕ್ಕರೆ ಬೆರೆಸಿದ್ದು. ಹೆಸರು ಹಾಗೇ ಉಳಿದು ಒಳಗಿನ ಸರಕು ಬದಲಾಗುವುದು ಈ ಪೇಯದ ಚರಿತ್ರೆಯ ಉದ್ದಕ್ಕೂ ಕಾಣುತ್ತದೆ.

ಆಫ್ರಿಕದ ದಕ್ಷಿಣ ಭಾಗದಲ್ಲಿ ಗೆಡ್ಡೆಯನ್ನು ಕುಡಿಯುವುದಿಲ್ಲ, ತಿನ್ನುತ್ತಾರೆ. ಜಾಂಬಿಯಾದಲ್ಲಿ ನೆಲದ ಆರ್ಕಿಡ್ ಗೆಡ್ಡೆಯ ಪುಡಿಗೆ ನೆಲಗಡಲೆ ಪುಡಿ, ಮೆಣಸು ಸೇರಿಸಿ ಬೇಯಿಸಿ ಕತ್ತರಿಸುವ ಚಿಕಂಡ ಎಂಬ ತಿನಿಸಿದೆ. ಅದರ ಬೇಡಿಕೆಗೆ ಪಕ್ಕದ ಟಾಂಜಾನಿಯಾದ ಬೆಟ್ಟಗಳೂ ಬರಿದಾಗತೊಡಗಿದವು. ಅಲ್ಲಿನ ಹೂಗಳ ರಕ್ಷಣೆಗೆಂದು 2005ರಲ್ಲಿ ಕಿಟುಲೊ ರಾಷ್ಟ್ರೀಯ ಉದ್ಯಾನ ಬಂತು.

ಭಾರತದ ಗ್ರಂಥಿಗೆ ಅಂಗಡಿಯಲ್ಲಿ

ಭಾರತಕ್ಕೆ ಸಾಲಂ ಮಿಶ್ರಿ ಎರಡು ದಿಕ್ಕಿನಿಂದ ಬಂತು. ಪರ್ಷಿಯಾ ಮತ್ತು ಅಫ್ಘಾನಿಸ್ತಾನದ ಸರಕು 19ನೇ ಶತಮಾನದಲ್ಲಿ ಮುಂಬಯಿ ಬಂದರಿಗೆ ಇಳಿಯುತ್ತಿತ್ತು. ಹಿಮಾಲಯದ ಸರಕು ಕಾಶ್ಮೀರ, ಹಿಮಾಚಲ, ಗಢವಾಲದಿಂದ ಕೆಳಗಿಳಿಯುತ್ತಿತ್ತು. ಹಿಮಾಲಯದ ಮುಖ್ಯ ಜಾತಿ ಡ್ಯಾಕ್ಟಿಲೋರೈಜಾ ಹಟಗಿರಿಯಾ. ಸಮುದ್ರಮಟ್ಟದಿಂದ ಸುಮಾರು 2,500 ಮೀಟರಿನಿಂದ ಮೇಲಿನ ತೇವದ ಹುಲ್ಲುಗಾವಲಿನಲ್ಲಿ ನೇರಳೆ ಹೂ ಬಿಡುವ ಗಿಡ ಇದು. ಗಢವಾಲದವರಿಗೆ ಹತ್ಥಾಜಡಿ, ನೇಪಾಳದವರಿಗೆ ಪಾಂಚಔಂಲೆ. ಗಾಯ, ಮೂಳೆಮುರಿತಗಳಿಗೆ ಅರೆದು ಹಚ್ಚುವುದು, ನಿತ್ರಾಣಕ್ಕೆ ಹಾಲಿನಲ್ಲಿ ಕುಡಿಯುವುದು ಅಲ್ಲಿನ ಬಳಕೆ. ಬಯಲಿನ ಯುನಾನಿ ವೈದ್ಯರು ಅದನ್ನು ಮಾಜೂನ್ ಎಂಬ ಲೇಹಗಳಿಗೆ ಸೇರಿಸಿದರು.

ಬೆಲೆ ಹೆಚ್ಚಿದ್ದರಿಂದ ಬೆರಕೆಯೂ ಹಳೆಯದು. ಬಾದಶಾಹಿ ಸಾಲಬ್ ಎಂದು ಬರುತ್ತಿದ್ದ ದೊಡ್ಡ ಗೆಡ್ಡೆ ಆರ್ಕಿಡ್ಡೇ ಅಲ್ಲ, ಅದು ಅಫ್ಘಾನಿಸ್ತಾನದ ಕಡೆಯ ಈರುಳ್ಳಿ ಕುಲದ ಗಿಡ. ಬಿಳಿ ಮುಸ್ಲಿ, ಶತಾವರಿ ಬೇರುಗಳೂ ಇದರ ಹೆಸರಿನಲ್ಲಿ ಹೋಗುತ್ತವೆ. ದಖ್ಖನ್ ಮತ್ತು ಸಹ್ಯಾದ್ರಿಯಲ್ಲಿ ಸಾಲಂ ಮಿಶ್ರಿಯ ಬದಲಿಯಾಗಿ ಒದಗಿದ್ದು ಯೂಲೋಫಿಯಾ ಕುಲದ ನೆಲದ ಆರ್ಕಿಡ್‌ಗಳು. ಇವುಗಳ ಗೆಡ್ಡೆಯನ್ನು ಮಹಾರಾಷ್ಟ್ರದ ಬುಡಕಟ್ಟಿನವರು ಬೇಯಿಸಿ ತಿನ್ನುವುದೂ ಉಂಟು.

ಆಯುರ್ವೇದದ ಕಡೆಯಿಂದ ನೋಡಿದರೆ ಇನ್ನೊಂದು ಎಳೆ ಸಿಗುತ್ತದೆ. ಚ್ಯವನಪ್ರಾಶದಲ್ಲಿ ಬರುವ ಅಷ್ಟವರ್ಗದ ಎಂಟು ಮೂಲಿಕೆಗಳಲ್ಲಿ ಜೀವಕ, ಋಷಭಕ, ಋದ್ಧಿ, ವೃದ್ಧಿ ಎಂಬ ನಾಲ್ಕನ್ನು ಇಂದಿನ ಸಸ್ಯಶಾಸ್ತ್ರಜ್ಞರು ಹಿಮಾಲಯದ ಆರ್ಕಿಡ್‌ಗಳೆಂದು ಗುರುತಿಸುತ್ತಾರೆ. ಮೊದಲೆರಡು ಮ್ಯಾಲಾಕ್ಸಿಸ್ ಗುಂಪಿನವು, ಕೊನೆಯೆರಡು ಹ್ಯಾಬನೇರಿಯಾ ಕುಲದವು. ಇವು ಸಿಗುವುದು ಎಷ್ಟು ಕಷ್ಟವೆಂದು ಹಿಂದಿನವರಿಗೆ ತಿಳಿದಿತ್ತು. 16ನೇ ಶತಮಾನದ ಭಾವಮಿಶ್ರ ತನ್ನ ‘ಭಾವಪ್ರಕಾಶ’ದಲ್ಲಿ, ಅಷ್ಟವರ್ಗ ರಾಜರಿಗೂ ದುರ್ಲಭವೆಂದು ಹೇಳಿ, ಜೀವಕ ಋಷಭಕಗಳ ಬದಲಿಗೆ ವಿದಾರಿ, ಋದ್ಧಿ ವೃದ್ಧಿಗಳ ಬದಲಿಗೆ ವಾರಾಹಿ, ಉಳಿದವಕ್ಕೆ ಶತಾವರಿ, ಅಶ್ವಗಂಧ ಎಂದು ಬದಲಿಗಳನ್ನು ಸೂಚಿಸಿದ. ಮೂಲಿಕೆ ಸಿಗದಾಗ ಅದರ ಗುಣಕ್ಕೆ ಹತ್ತಿರವಾದ, ಸುಲಭವಾಗಿ ಸಿಗುವ ಇನ್ನೊಂದನ್ನು ಹೆಸರು ಹೇಳಿಯೇ ಬಳಸುವುದು ಶಾಸ್ತ್ರ ಒಪ್ಪಿದ ಕ್ರಮ. ಹೆಸರು ಮುಚ್ಚಿಟ್ಟು ಬದಲಿಯನ್ನು ಮಾರುವ ವ್ಯಾಪಾರಕ್ಕೂ ಇದಕ್ಕೂ ಇರುವ ಅಂತರವನ್ನು ಇಂದಿನ ಔಷಧ ತಯಾರಕರು ಮರೆಯಬಾರದು.

ಕಾನೂನು ಮತ್ತು ಕಟಾವು

ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದ 1975ರಲ್ಲಿ ಜಾರಿಗೆ ಬಂತು, ಭಾರತ 1976ರಲ್ಲಿ ಸೇರಿತು. ಅದರ ಪ್ರಕಾರ ಇಡೀ ಆರ್ಕಿಡ್ ಕುಟುಂಬವೇ ಎರಡನೆಯ ಅನುಬಂಧದಲ್ಲಿದೆ, ಕೆಲವು ಜಾತಿಗಳು ಇನ್ನೂ ಕಟ್ಟುನಿಟ್ಟಿನ ಮೊದಲನೆಯದರಲ್ಲಿವೆ. ಅಂದರೆ ಗೆಡ್ಡೆಯಾಗಲಿ ಪುಡಿಯಾಗಲಿ ಪರವಾನಗಿ ಇಲ್ಲದೆ ದೇಶದ ಗಡಿ ದಾಟುವಂತಿಲ್ಲ. ಟರ್ಕಿ ತನ್ನ ಕಾಡುಗೆಡ್ಡೆಯ ರಫ್ತನ್ನು ನಿಷೇಧಿಸಿದೆ. ನೇಪಾಳದಲ್ಲಿ ಹಟಗಿರಿಯಾವನ್ನು ಕೀಳುವುದಕ್ಕೂ ಮಾರುವುದಕ್ಕೂ ನಿಷೇಧವಿದೆ. ಆದರೂ ಟರ್ಕಿಯೊಳಗೇ ವರ್ಷಕ್ಕೆ ಕೋಟಿಗಟ್ಟಲೆ ಗೆಡ್ಡೆ ಕೀಳಲಾಗುತ್ತದೆಂದು ಅಂದಾಜುಗಳಿವೆ. ಅಲ್ಲಿ ಗಿಡ ವಿರಳವಾಗುತ್ತ ಬಂದಂತೆ ಬೇಡಿಕೆ ಉತ್ತರ ಇರಾನಿಗೆ, ಗ್ರೀಸಿನ ಬೆಟ್ಟಗಳಿಗೆ ಸರಿದಿದೆ.

ಬೇಡಿಕೆ ಹೀಗೆ ಸರಿಯುವುದಕ್ಕೆ ಕಾರಣ ಸರಳ. ಬಡ ಕುರಿಗಾಹಿಯೊಬ್ಬ ಬೇಸಗೆಯ ಕೆಲವು ವಾರ ಅಗೆದರೆ ಕೈಗೆ ಒಳ್ಳೆಯ ನಗದು ಸಿಗುತ್ತದೆ, ಬಂಡವಾಳ ಬೇಡ. ಗಿಡ ಹೂಬಿಟ್ಟಾಗ ಮಾತ್ರ ಕಣ್ಣಿಗೆ ಬೀಳುವುದರಿಂದ ಬೀಜ ಕಟ್ಟುವ ಮೊದಲೇ ಅದು ಹೋಗುತ್ತದೆ. ಟರ್ಕಿ ಸರ್ಕಾರ 2014ರಿಂದ ಸಾಲೆಪ್ ಗಿಡಗಳ ರಕ್ಷಣೆ ಮತ್ತು ಕೃಷಿಗೆ ಒಂದು ಕ್ರಿಯಾಯೋಜನೆ ನಡೆಸಿತು. ಕೃಷಿಯಲ್ಲಿ ಗೆಡ್ಡೆಯಿಂದ ಗೆಡ್ಡೆ ಪಡೆಯುವುದೇ ಸದ್ಯದ ದಾರಿ, ಇಳುವರಿ ನಿಧಾನ.

ಉಳಿದ ದಾರಿ ಬದಲಿಯದು. ಇಲ್ಲಿ ಸುವರ್ಣಗೆಡ್ಡೆಯ ಕುಲ ಮುಂದೆ ಬರುತ್ತದೆ. ಜಪಾನ್, ಚೀನಾಗಳಲ್ಲಿ ಬೆಳೆಯುವ ಕೊಂಜಾಕ್ ನಮ್ಮ ಸುವರ್ಣಗೆಡ್ಡೆಯ ಹತ್ತಿರದ ಸಂಬಂಧಿ, ಎರಡೂ ಅಮಾರ್ಫೊಫ್ಯಾಲಸ್ ಕುಲದವು. ಕೊಂಜಾಕ್ ಗೆಡ್ಡೆಯಲ್ಲಿ ಗ್ಲೂಕೊಮನ್ನಾನ್ ಹೇರಳ. ಮಂದತನ, ಎಳೆತ ಎರಡನ್ನೂ ಅದು ಕೊಡುವುದರಿಂದ ಐಸ್‌ಕ್ರೀಮಿನಲ್ಲೂ ಪೇಯದಲ್ಲೂ ಸಾಲೆಪ್‌ನ ಜಾಗ ತುಂಬಬಲ್ಲದು. ಕರಾವಳಿಯ ಸುವರ್ಣಗೆಡ್ಡೆಯಲ್ಲಿ ಪಿಷ್ಟವೇ ಹೆಚ್ಚಿರುವುದರಿಂದ ಅದು ಪಲ್ಯ ಸಾಂಬಾರಿಗೆ ಒದಗುವಂತೆ ಈ ಕೆಲಸಕ್ಕೆ ಒದಗುವುದಿಲ್ಲ.

ಕುಂಭಾಶಿ ಸೀಮೆಯ ಕೂವೆ

ಕುಂಭಾಶಿ ಕುಂದಾಪುರದಿಂದ ಸುಮಾರು 9 ಕಿ.ಮೀ. ದಕ್ಷಿಣಕ್ಕೆ, ರಾಷ್ಟ್ರೀಯ ಹೆದ್ದಾರಿ 66ರ ಬದಿಯಲ್ಲಿದೆ. ಆನೆಗುಡ್ಡೆ ವಿನಾಯಕನ ದೇವಸ್ಥಾನದಿಂದ ನಾಡಿಗೆ ಪರಿಚಿತವಾದ ಊರು. ಬರಗಾಲದಲ್ಲಿ ಅಗಸ್ತ್ಯರು ಯಜ್ಞ ಮಾಡುತ್ತಿದ್ದಾಗ ಅಡ್ಡಿಪಡಿಸಿದ ಕುಂಭಾಸುರನನ್ನು, ಗಣಪತಿ ಕೊಟ್ಟ ಕತ್ತಿಯಿಂದ ಭೀಮಸೇನ ಕೊಂದ ಸ್ಥಳವಿದು ಎಂಬುದು ಕ್ಷೇತ್ರದ ಕಥೆ. ಪಶ್ಚಿಮಕ್ಕೆ ಕಡಲು ಹತ್ತಿರ, ಪೂರ್ವಕ್ಕೆ ಸಹ್ಯಾದ್ರಿಯ ಸಾಲು, ನಡುವೆ ಮುರಕಲ್ಲಿನ ಗುಡ್ಡ, ಗುಡ್ಡದ ತಪ್ಪಲಲ್ಲಿ ಮನೆ, ಮನೆಯ ಹಿಂದೆ ಹಾಡಿ, ಮುಂದೆ ಗದ್ದೆಬಯಲು. ಈ ನೆಲದ ರಚನೆಯೇ ಇಲ್ಲಿ ಯಾವ ಗೆಡ್ಡೆ ಬೆಳೆಯಬೇಕೆಂದು ತೀರ್ಮಾನಿಸಿದೆ.

ಮುರಕಲ್ಲಿನ ಹಾಸಿನ ಮೇಲೂ ನೆಲದ ಆರ್ಕಿಡ್‌ಗಳಿವೆ. ಪಶ್ಚಿಮಘಟ್ಟ ಮತ್ತು ಕರಾವಳಿಯ ಕಲ್ಲುಹಾಸುಗಳಲ್ಲಿ ಮೊದಲ ಮಳೆ ಬಿದ್ದ ಕೆಲವೇ ದಿನಗಳಲ್ಲಿ ಹ್ಯಾಬನೇರಿಯಾ ಗ್ರ್ಯಾಂಡಿಫ್ಲೋರಿಫಾರ್ಮಿಸ್ ಎಂಬ ಪುಟ್ಟ ಗಿಡ ನೆಲಕ್ಕೆ ಅಂಟಿದ ಎಲೆಯ ಮೇಲೆ ಬಿಳಿ ಹೂ ಎತ್ತುತ್ತದೆ. ಗೆಡ್ಡೆಯೂ ಪುಟ್ಟದು. ಮಳೆ ನಿಂತು ಹಾಸು ಕಾದಾಗ ಎಲೆ ಮಾಯವಾಗಿ ಗಿಡ ಗೆಡ್ಡೆಯಲ್ಲಿ ಅಡಗುತ್ತದೆ. ಚಿರೆಕಲ್ಲಿನ ಕ್ವಾರಿ, ಹೊಸ ಬಡಾವಣೆ, ರಸ್ತೆ ಅಗಲೀಕರಣಕ್ಕೆ ಮೊದಲು ಬಲಿಯಾಗುವುದು ಬೋಳು ಎಂದು ಕಾಣುವ ಇಂಥ ಹಾಸುಗಳೇ. ಇಲ್ಲಿ ಆರ್ಕಿಡ್ಡಿಗೆ ಗೆಡ್ಡೆ ಕೀಳುವವರಿಗಿಂತ ಜೆಸಿಬಿಯ ಅಪಾಯ ಹೆಚ್ಚು.

ಕರಾವಳಿಯ ಅಡುಗೆಮನೆ ಆ ಗೆಡ್ಡೆಗೆ ಕೈಹಾಕಬೇಕಾಗಿ ಬರಲಿಲ್ಲ, ಏಕೆಂದರೆ ಕೂವೆ ಇತ್ತು. ಕೂವೆ ಎಂಬ ಹೆಸರಿನಲ್ಲಿ ಎರಡು ಗಿಡಗಳು ಸೇರಿಕೊಂಡಿವೆ. ಒಂದು ಅರಶಿನದ ಬಳಗದ ಕರ್ಕ್ಯುಮಾ. ಎಲೆ ಅರಶಿನದಂತೆ, ಹೂ ನಸುಗೆಂಪು ದಳಗಳ ತೆನೆ, ಹಾಡಿಯಂಚಿನಲ್ಲಿ ತಾನಾಗಿ ಏಳುತ್ತದೆ. ವಿಲಿಯಂ ರಾಕ್ಸ್‌ಬರ್ಗ್ 1810ರಲ್ಲಿ ಈ ಬಳಗದ ಕರ್ಕ್ಯುಮಾ ಅಂಗುಸ್ಟಿಫೋಲಿಯಾವನ್ನು ಸಸ್ಯಶಾಸ್ತ್ರಕ್ಕೆ ಪರಿಚಯಿಸಿದ. ಛತ್ತೀಸಗಢದ ಕಡೆ ಅದರ ಹಿಟ್ಟಿಗೆ ತೀಖುರ್ ಎನ್ನುತ್ತಾರೆ. ಇನ್ನೊಂದು ಮರಾಂಟಾ ಅರುಂಡಿನೇಸಿಯಾ, ಅಮೆರಿಕ ಖಂಡದ ಬಿಸಿನಾಡುಗಳಿಂದ ಬಂದ ಆರಾರೂಟು. ಕೆರಿಬಿಯನ್‌ನ ಸೇಂಟ್ ವಿನ್ಸೆಂಟ್ ದ್ವೀಪ ಇದರ ಹಿಟ್ಟನ್ನು ಬ್ರಿಟನ್ನಿಗೆ ಕಳಿಸಿ ಬದುಕಿದ್ದ ಕಾಲವೊಂದಿತ್ತು. ವಿಕ್ಟೋರಿಯಾ ಕಾಲದ ಇಂಗ್ಲೆಂಡಿನಲ್ಲಿ ರೋಗಿಗಳ ಆಹಾರದಲ್ಲಿ ಸಲೂಪ್ ಬಿಟ್ಟ ಜಾಗಕ್ಕೆ ಬಂದದ್ದು ಬಹುಮಟ್ಟಿಗೆ ಆರಾರೂಟೇ. ಮರಾಂಟಾ ಭಾರತಕ್ಕೆ ತಡವಾಗಿ ಬಂದ ಗಿಡ. ‘ಹೋರ್ಟಸ್ ಮಲಬಾರಿಕಸ್’ನ 11ನೇ ಸಂಪುಟದಲ್ಲಿ (1692) ಕೂವ ಎಂಬ ಹೆಸರಿನಲ್ಲಿ ಕರ್ಕ್ಯುಮಾ ಒಂದರ ಚಿತ್ರವಿದೆ. ಹಾಗಾಗಿ ಕೂವೆ ಎಂಬುದು ಮೊದಲು ನಮ್ಮ ನೆಲದ ಗಿಡಕ್ಕಿದ್ದ ಹೆಸರು, ಆರಾರೂಟು ಬಂದ ಮೇಲೆ ಅದಕ್ಕೂ ಅಂಟಿಕೊಂಡಿತು.

ಬೆಳೆಸುವುದರಲ್ಲಿ ಕಷ್ಟವಿಲ್ಲ. ಮುಂಗಾರಿನ ಮೊದಲ ಮಳೆಗೆ ಹಿತ್ತಲಿನ ಸಡಿಲ ಮಣ್ಣಿನಲ್ಲಿ, ತೆಂಗು ಅಡಿಕೆಯ ಅರೆನೆರಳಿನಲ್ಲಿ ಗೆಡ್ಡೆಯ ತುಂಡು ಊರಿ, ಸೊಪ್ಪು ಸಗಣಿ ಮುಚ್ಚಿದರೆ ಸಾಕು. ನೀರು ನಿಲ್ಲಬಾರದು. ಹಂದಿ, ಮುಳ್ಳುಹಂದಿಗಳ ಕಾಟವನ್ನು ಮಾತ್ರ ತಡೆಯಬೇಕು. ಚಳಿಗಾಲದಲ್ಲಿ ಎಲೆ ಹಣ್ಣಾಗಿ ಒರಗಿದಾಗ ಗೆಡ್ಡೆ ಬಲಿತಿದೆ ಎಂದರ್ಥ. ಡಿಸೆಂಬರಿನಿಂದ ಫೆಬ್ರವರಿವರೆಗೆ ಅಗೆಯುತ್ತಾರೆ. ಕಿತ್ತದ್ದರಲ್ಲಿ ಕಣ್ಣಿರುವ ತುದಿಗಳನ್ನು ಬಿತ್ತನೆಗೆ ಬೇರೆ ತೆಗೆದಿಟ್ಟು ಉಳಿದದ್ದನ್ನು ಹಿಟ್ಟಿಗೆ ಬಳಸುತ್ತಾರೆ.

ಹಿಟ್ಟು ಮಾಡುವುದು ಮನೆಮಂದಿಯೆಲ್ಲ ಸೇರಿ ಮಾಡುವ ಕೆಲಸ, ಅವಸರದಲ್ಲಿ ಆಗುವುದಿಲ್ಲ. ಗೆಡ್ಡೆಯ ಮಣ್ಣು ತೊಳೆದು, ಮೇಲಿನ ಸಿಪ್ಪೆ ಕೆರೆದು ತೆಗೆಯಬೇಕು, ಇಲ್ಲದಿದ್ದರೆ ಹಿಟ್ಟಿಗೆ ಬಣ್ಣವೂ ಕಹಿಯೂ ಸೇರುತ್ತದೆ. ಹಿಂದೆ ಒರಟು ಕಲ್ಲಿನ ಮೇಲೆ ತೇಯುತ್ತಿದ್ದರು, ಬಳಿಕ ಮೊಳೆ ಹೊಡೆದು ತೂತಿಟ್ಟ ತಗಡಿನ ಮೇಲೆ ಉಜ್ಜಿದರು, ಈಗ ಮಿಕ್ಸಿ, ಗ್ರೈಂಡರು. ತುರಿದ ರಾಶಿಯನ್ನು ಧಾರಾಳ ನೀರಿನಲ್ಲಿ ಕದಡಿ ತೆಳುಬಟ್ಟೆಯಲ್ಲಿ ಸೋಸಿದರೆ ನಾರು ಮೇಲುಳಿದು ಹಾಲಿನಂಥ ನೀರು ಕೆಳಗಿಳಿಯುತ್ತದೆ. ರಾತ್ರಿಯಿಡೀ ಅಲುಗಾಡಿಸದೆ ಇಟ್ಟರೆ ಹಿಟ್ಟು ತಳ ಹಿಡಿಯುತ್ತದೆ. ಬೆಳಗ್ಗೆ ಮೇಲಿನ ಕಲಕುನೀರನ್ನು ಬಗ್ಗಿಸಿ ಚೆಲ್ಲಿ, ಹೊಸ ನೀರು ಹೊಯ್ದು ಮತ್ತೆ ಕದಡಿ ಮತ್ತೆ ತಳ ಕೂರಿಸಬೇಕು. ಮರಾಂಟಾಕ್ಕೆ ಎರಡು ಮೂರು ಸಲ ಸಾಕು. ಕಾಡು ಕೂವೆಯಲ್ಲಿ ಅರಶಿನದ ಬಳಗದ ಬಣ್ಣವೂ ಕಹಿಯೂ ಇರುವುದರಿಂದ ನೀರು ತಿಳಿಯಾಗುವವರೆಗೆ ದಿನಗಟ್ಟಲೆ ತೊಳೆಯಬೇಕು. ಕೊನೆಗೆ ತಳದ ಗಟ್ಟಿಯನ್ನು ಒಡೆದು ಶುಭ್ರ ಬಟ್ಟೆಯ ಮೇಲೆ ಬಿಸಿಲಿಗೆ ಹರಡಿದರೆ ಮುಟ್ಟಿದಾಗ ಕಿರುಗುಟ್ಟುವ ಬಿಳಿ ಹಿಟ್ಟು ಸಿದ್ಧ. ಮರಾಂಟಾದಲ್ಲಿ ಹಸಿಗೆಡ್ಡೆಯ ತೂಕದ ಐದನೇ ಒಂದು ಪಾಲಿನವರೆಗೆ ಹಿಟ್ಟು ಸಿಗಬಹುದು, ಕಾಡು ಕೂವೆಯಲ್ಲಿ ಅದಕ್ಕಿಂತ ಕಡಿಮೆ. ತೇವ ತಾಗದಂತೆ ಭರಣಿಯಲ್ಲಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ.

ಕುಡಿಯಲು ಮಾಡುವ ಕ್ರಮ ಹೀಗೆ: ಒಂದೆರಡು ಚಮಚೆ ಹಿಟ್ಟನ್ನು ಮೊದಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಒಲೆಯ ಮೇಲಿಟ್ಟು ಬಿಡದೆ ಕೈಯಾಡಿಸಬೇಕು. ಬಿಳಿಯಾಗಿದ್ದದ್ದು ಒಮ್ಮೆಲೇ ಗಾಜಿನಂತೆ ತಿಳಿಯಾಗಿ ಮಂದವಾಗುತ್ತದೆ. ಹೊಟ್ಟೆ ಕೆಟ್ಟವರಿಗೆ ಉಪ್ಪು, ನೀರುಮಜ್ಜಿಗೆ ಸೇರಿಸಿ ಕೊಡುತ್ತಾರೆ. ಉರಿಮೂತ್ರಕ್ಕೆ, ಬೇಸಗೆಯ ಉಷ್ಣಕ್ಕೆ ಹಾಲು ಸಕ್ಕರೆ ಬೆರೆಸಿ ಆರಿಸಿ ಕುಡಿಯುವುದುಂಟು. ಎಳೆಮಕ್ಕಳಿಗೆ ಅನ್ನ ಶುರುಮಾಡುವ ಹೊತ್ತಿಗೆ ರಾಗಿ ಮಣ್ಣಿಯೊಂದಿಗೆ ಕೂವೆಯೂ ಸರದಿಯಲ್ಲಿರುತ್ತದೆ. ಆದರೆ ಇದು ಬರೀ ಪಿಷ್ಟ, ಪ್ರೋಟೀನ್ ಇಲ್ಲವೆನ್ನುವಷ್ಟು ಕಡಿಮೆ. ಬೆಳೆಯುವ ಮಗುವಿಗೆ ಇದೊಂದನ್ನೇ ನಂಬಿ ಕೂರಬಾರದು. ಭೇದಿ ಜೋರಾದಾಗ ಓಆರ್‌ಎಸ್ ಮತ್ತು ವೈದ್ಯರ ಬದಲಿಗೂ ಇದು ಅಲ್ಲ.

ಧಾನ್ಯವಲ್ಲದ ಕಾರಣ ಕೂವೆ ಉಪವಾಸದ ದಿನಗಳಿಗೂ ಒದಗುತ್ತದೆ. ಏಕಾದಶಿಯಂದು ಪೂರ್ತಿ ನಿರಾಹಾರ ಇರಲಾಗದ ಹಿರಿಯರು, ಸಂಕಷ್ಟಿಯ ದಿನ ಚಂದ್ರೋದಯದವರೆಗೆ ಅನ್ನ ಬಿಟ್ಟವರು ಇದನ್ನು ಹಾಲಿನಲ್ಲಿ ಕಾಯಿಸಿ ಕುಡಿಯುತ್ತಾರೆ. ಹಬ್ಬಕ್ಕಾದರೆ ಕೂವೆ ಮಣ್ಣಿ: ಕಾಯಿಹಾಲು, ಬೆಲ್ಲ, ಏಲಕ್ಕಿಯೊಂದಿಗೆ ಕಾಯಿಸಿ, ತುಪ್ಪ ಸವರಿದ ತಟ್ಟೆಗೆ ಹೊಯ್ದು, ಆರಿದ ಮೇಲೆ ತುಂಡು ಮಾಡುವುದು. ಬಾಯಿಗಿಟ್ಟರೆ ನಡುಗುವ ಈ ತುಂಡಿನಲ್ಲಿ ಕಹ್ರಮನ್‌ಮರಾಶಿನ ಐಸ್‌ಕ್ರೀಮಿನ ಎಳೆತವಿಲ್ಲ, ಪಿಷ್ಟಕ್ಕೂ ಗ್ಲೂಕೊಮನ್ನಾನಿಗೂ ಇರುವ ಭೇದವೇ ಅದು. ಬೇರಿನಿಂದ ಬರುವ ಇನ್ನೊಂದು ಪಾನೀಯ ಸೊಗದೆ ಬೇರಿನ ಶರಬತ್ತು. ಅದು ಪರಿಮಳಕ್ಕಾಗಿ ಕುಡಿಯುವಂಥದ್ದು, ಹೊಟ್ಟೆ ತುಂಬಿಸುವುದಿಲ್ಲ. ಅದರ ಬೇರನ್ನೂ ಹೆಚ್ಚಾಗಿ ಕಾಡಿನಿಂದಲೇ ಕಿತ್ತು ತರುತ್ತಾರೆ.

ಕರಾವಳಿ, ಮಲೆನಾಡಿನ ರೈತರು ಆರ್ಕಿಡ್ ಒಂದನ್ನು ಬೆಳೆಯಾಗಿ ಬೆಳೆದೂ ಇದ್ದಾರೆ. ವೆನಿಲ್ಲಾ ಆರ್ಕಿಡ್ ಕುಟುಂಬದ ಬಳ್ಳಿ. 1841ರಲ್ಲಿ ರಿಯೂನಿಯನ್ ದ್ವೀಪದ ಗುಲಾಮ ಬಾಲಕ ಎಡ್ಮಂಡ್ ಆಲ್ಬಿಯಸ್ ಕೈಯಿಂದ ಪರಾಗಸ್ಪರ್ಶ ಮಾಡುವ ಸುಲಭ ಉಪಾಯ ಕಂಡುಹಿಡಿದ ಮೇಲೆ ಅದು ಮೆಕ್ಸಿಕೊದ ಹೊರಗೂ ಬೆಳೆಯಾಯಿತು. 2003ರ ಸುಮಾರಿಗೆ ಅದರ ಜಾಗತಿಕ ಬೆಲೆ ಶಿಖರಕ್ಕೇರಿದಾಗ ಅಡಿಕೆ ತೋಟಗಳಲ್ಲಿ ವೆನಿಲ್ಲಾ ಹಬ್ಬಿತು, ಬೆಲೆ ಕುಸಿದಾಗ ಬಹುಪಾಲು ಬಳ್ಳಿಗಳು ಹೋದವು. ವೆನಿಲ್ಲಾದಲ್ಲಿ ಕೊಯ್ಯುವುದು ಕೋಡನ್ನು, ಬಳ್ಳಿ ಉಳಿಯುತ್ತದೆ. ತುಂಡು ನೆಟ್ಟರೆ ಚಿಗುರುತ್ತದೆ. ಸಾಲಂ ಮಿಶ್ರಿಯ ಗಿಡಕ್ಕೆ ಈ ಎರಡು ಅನುಕೂಲಗಳೂ ಇಲ್ಲ.

ಅಂಗಡಿಯ ಪೊಟ್ಟಣದಲ್ಲಿ ಆರಾರೂಟು ಎಂದು ಬರುವ ಹಿಟ್ಟಿನಲ್ಲಿ ಜೋಳದ ಅಥವಾ ಮರಗೆಣಸಿನ ಪಿಷ್ಟ ಸೇರಿರುವುದು ಸಾಮಾನ್ಯ. ಸಾಲಂ ಮಿಶ್ರಿಯ ಪುಡಿಯ ಸ್ಥಿತಿಯೂ ಅದೇ. ಇವೆರಡನ್ನು ಒಂದರಿಂದೊಂದು ಬೇರೆ ಮಾಡಿ ತಿಳಿಯುವುದು ಮಾತ್ರ ಸುಲಭ. ತಣ್ಣೀರಿಗೆ ಹಾಕಿ ಕದಡಿದರೆ ಕೂವೆಯಾಗಲಿ ಬೇರೆ ಪಿಷ್ಟವಾಗಲಿ ಸ್ವಲ್ಪ ಹೊತ್ತಿನಲ್ಲಿ ಸುಣ್ಣದಂತೆ ತಳ ಸೇರುತ್ತದೆ. ಆರ್ಕಿಡ್ ಗೆಡ್ಡೆಯ ಪುಡಿ ಒಲೆಯ ನೆರವಿಲ್ಲದೆಯೇ ನೀರನ್ನು ಮಂದಗೊಳಿಸುತ್ತದೆ. ಕೂವೆಯನ್ನು ಮಿಕ್ಕ ಪಿಷ್ಟಗಳಿಂದ ಬೇರ್ಪಡಿಸಿ ಹೇಳಲು ಸೂಕ್ಷ್ಮದರ್ಶಕ ಬೇಕಾಗುತ್ತದೆ, ಅದಿಲ್ಲದವರಿಗೆ ಬೆಳೆದವರ ಮನೆಯಿಂದಲೇ ಕೊಳ್ಳುವುದು ಖಾತರಿಯ ದಾರಿ. ಕುಂದಾಪುರ, ಬ್ರಹ್ಮಾವರದ ಕಡೆ ಹಿಟ್ಟು ತೆಗೆದವರು ತಮ್ಮ ಮನೆಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಪರಿಚಯದವರಿಗೆ ಕೊಡುತ್ತಾರೆ. ಹಸಿಗೆಡ್ಡೆ ಕೇಳಿದರೆ ನೆಡಲು ನಾಲ್ಕು ತುಂಡನ್ನೂ ಜೊತೆಗೆ ಕಟ್ಟಿಕೊಡುತ್ತಾರೆ.